ಬಾಂಗಿಗೆ ನಿಂತ ಆಟ

ಮೊನ್ನೆ ಶುಕ್ರವಾರ ಅಬ್ಬಾಸಿಯಾದಲ್ಲಿ ಸಂತೆ ಮುಗಿಸಿ, ಚೀಲ ಇಡಲೆಂದು ಕಾರಿನ ಡಿಕ್ಕಿ ತೆಗೆದೆ. ಕುವೈತಿನ ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಅಂದರೆ ಒಲೆಯೇ. ಮಗಳು ಮರೆತು ಬಿಟ್ಟಿದ್ದ ಬಾಸ್ಕೆಟ್‌ಬಾಲ್ ಅದರೊಳಗೆ ಎರಡು ದಿನದಿಂದ ಬೇಯುತ್ತಿತ್ತು. ಕಾದ ರಬ್ಬರು, ಅದರ ಮೇಲೆ ಕೂತ ಮರಳು, ಎರಡರ ವಾಸನೆಯೂ ಸೇರಿ ಮುಖಕ್ಕೆ ಬಡಿಯಿತು. ಚೀಲ ನೆಲಕ್ಕಿಟ್ಟು, ಬಾಲನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿಗೆ ಹಿಡಿದು ನಿಂತುಬಿಟ್ಟೆ.

"ಅಪ್ಪಾ, ವೈ ಆರ್ ಯು ಸ್ಮೆಲಿಂಗ್ ಮೈ ಬಾಲ್?" ಅಂದಳು ಮಗಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವಳು. ಅವಳಿಗೆ ಹನೀಫ್ ಭಾಯಿಯನ್ನು ಯಾವ ಭಾಷೆಯಲ್ಲಿ ಹೇಳುವುದು? "ಏನಿಲ್ಲವ್ವಾ, ಗಾಳಿ ಹೋಗೇತೇನೋ ನೋಡ್ತಿದ್ದೆ" ಅಂದೆ. ಗಾಳಿ ನೋಡುವುದು ಮೂಗಿನಿಂದಲ್ಲ ಎಂಬುದು ಅವಳಿಗೂ ಗೊತ್ತು.

ಅವಳೂ ಅವಳ ಅವ್ವನೂ ಇನ್ನೂ ಗದಗಿನಲ್ಲೇ ಇದ್ದ ವರ್ಷದ್ದು ಹನೀಫ್ ಭಾಯಿಯ ಮಾತು. ನಾನು ಮಂಗಫ್‌ನಲ್ಲಿ, ಸಮುದ್ರ ಹತ್ತಿರವಿದ್ದರೂ ಕಿಟಕಿಯಿಂದ ಎದುರಿನ ಬಿಲ್ಡಿಂಗಿನ ಏಸಿ ಡಬ್ಬಿಗಳು ಮಾತ್ರ ಕಾಣುವ ಒಂದು ರೂಮಿನಲ್ಲಿದ್ದೆ. ರೂಮಿಗೆ ಮೂವರು. ನಾನು ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಮೆಲ್ವಿನ್ ಮಂಗಳೂರು ಕಡೆಯ ಕೊಂಕಣಿ ಹುಡುಗ, ಕ್ರೇನ್ ಆಪರೇಟರ್. ಮೂರನೆಯವರು ಹನೀಫ್ ಭಾಯಿ, ಉಳ್ಳಾಲದ ಬ್ಯಾರಿ, ನಮ್ಮ ಕಾಂಟ್ರಾಕ್ಟ್ ಕಂಪನಿಯ ಸ್ಟೋರ್ ಕೀಪರ್. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು. ಮೆಲ್ವಿನ್ ಅವರನ್ನು ಊರಿನ ರೂಢಿಯಂತೆ "ಹನೀಫಾಕ" ಅನ್ನುತ್ತಿದ್ದ. ನನ್ನ ಬಾಯಿಗೆ ಅದು ಹೊಂದಲಿಲ್ಲ, ಭಾಯಿ ಅಂತಲೇ ಉಳಿಯಿತು.

ಹನೀಫ್ ಭಾಯಿ ಆಳು ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ನಮ್ಮ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಬೋರ್ಡಿನ ಕೆಳಗೆ ಹೋಗಿ ನಿಂತರೆ ಆ ಜಾಗದಿಂದ ಅವರನ್ನು ಅಲ್ಲಾಡಿಸಲು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಹಾರುತ್ತಿರಲಿಲ್ಲ, ಓಡುವುದಂತೂ ದೂರದ ಮಾತು. ಒಮ್ಮೆ ನಾನು ಕೇಳಿಯೇಬಿಟ್ಟೆ, "ಒಮ್ಮೆರ ಜಿಗೀರಿ ಭಾಯಿ, ಏನಾಗತೈತಿ?"

"ಹಾರುದು ಯಾಕೆ ಬಸಣ್ಣ? ಬಾಲ್ ಹೇಗೂ ಕೆಳಗೇ ಬರ್ತದಲ್ಲ."

ಬರುತ್ತಿತ್ತು ಕೂಡ. ಅದೇ ಆಶ್ಚರ್ಯ. ರಿಂಗಿಗೆ ಬಡಿದು ಎತ್ತೆತ್ತಲೋ ಹೋಗಬೇಕಾದ ಬಾಲು ಕರೆದಂತೆ ಅವರ ಕೈಗೇ ಬಂದು ಬೀಳುತ್ತಿತ್ತು. ಅವರು ಅದನ್ನು ಹಿಡಿದು, ಒಂದು ಸಲ ನೆಲಕ್ಕೆ ಕುಟ್ಟಿ, ನಿಧಾನವಾಗಿ ಒಳಗೆ ಹಾಕುತ್ತಿದ್ದರು. ಉಳಿದ ನಾಲ್ವರಲ್ಲಿ ನಾನು ಮತ್ತು ಮೆಲ್ವಿನ್ ಹಿಂದೆ, ಕೊಪ್ಪಳದ ಇಬ್ಬರು ವೆಲ್ಡರುಗಳು ಮುಂದೆ ಓಡಾಡುತ್ತಿದ್ದೆವು. ಕಾಲೇಜಿನಲ್ಲಿ ಸರಿಯಾಗಿ ಆಟ ಕಲಿತವನು ನಾನೊಬ್ಬನೇ. ಅದರ ಜಂಬ ಮೊದಲ ತಿಂಗಳಿಗೇ ಇಳಿದಿತ್ತು.

ಆಟ ನಡೆಯುತ್ತಿದ್ದುದು ಅಹ್ಮದಿಯಲ್ಲಿ. ಅದು ಎಣ್ಣೆ ಕಂಪನಿಯ ಊರು. ಬೇವಿನ ಮರಗಳ ಸಾಲು, ಹೆಂಚಿನ ಮನೆಗಳು, ನೋಡಿದರೆ ಮರಳುಗಾಡು ಅನ್ನಿಸುವುದಿಲ್ಲ. ಅಲ್ಲಿ ಬಯಲಿಗೇ ಹಾಕಿದ ಒಂದು ಹಳೆಯ ಕೋರ್ಟು ಇತ್ತು. ನಮ್ಮಜ್ಜಂದಿರ ಕಾಲದಲ್ಲಿ, ಎಣ್ಣೆ ತೆಗೆಯಲು ಬಂದ ವಿದೇಶಿ ಎಂಜಿನಿಯರುಗಳು ಹಾಕಿಸಿಕೊಂಡದ್ದಂತೆ. ಚಳಿಗಾಲವಿಡೀ ಲೀಗ್ ಆಡಿ, ಕೊನೆಗೆ ಮೇಲಿನ ಕೆಲವೇ ತಂಡಗಳು ಸೋತವರು ಮನೆಗೆ ಎನ್ನುವಂತೆ ಕಪ್ಪಿಗೆ ಆಡುವ ಪದ್ಧತಿಯೂ ಅವರದೇ. ಆಗ ಸಂಬಳ ಕೊಟ್ಟು ಹೊರದೇಶದಿಂದ ಆಟಗಾರರನ್ನು ಕರೆಸುತ್ತಿದ್ದರಂತೆ. ಈಗ ಆಡುವವರು ನಮ್ಮಂಥವರು, ಡ್ಯೂಟಿ ಮುಗಿಸಿ ಬಂದು ಸೇಫ್ಟಿ ಶೂ ಕಳಚಿ ಕ್ಯಾನ್ವಾಸು ಹಾಕಿಕೊಳ್ಳುವವರು. ಆದರೆ ಕಪ್ಪು ಅದೇ. ಬೆಳ್ಳಿಯದು, ಒಂದು ಕಡೆ ತಗ್ಗಾಗಿದೆ. ಅದರ ಬುಡದ ಸುತ್ತ ಗೆದ್ದ ತಂಡಗಳ ಹೆಸರು, ಪ್ರತಿ ತಂಡದ ಕೆಳಗೆ ಆಟಗಾರರ ಹೆಸರುಗಳನ್ನು ಕೆತ್ತುತ್ತಾ ಬಂದಿದ್ದಾರೆ. ಆ ವಿದೇಶಿಯರ ಹೆಸರುಗಳನ್ನು ಈಗ ಓದುವವರಿಲ್ಲ, ಆದರೂ ಅವು ಅಲ್ಲಿವೆ.

ಹನೀಫ್ ಭಾಯಿಗೆ ಬೇಕಾಗಿದ್ದುದು ಅಷ್ಟೇ. ಒಂದು ದಿನ ಬಟ್ಟೆ ಒಣಹಾಕುತ್ತಾ ನನಗೆ ಬಿಡಿಸಿ ಹೇಳಿದರು. "ನೋಡು ಬಸಣ್ಣ, ಇಪ್ಪತ್ತು ವರ್ಷ ಆಗ್ತಾ ಬಂತು ನಾನು ಇಲ್ಲಿಗೆ ಬಂದು. ರೂಮು ಬೇರೆಯವನ ಹೆಸರಲ್ಲಿ. ಕರೆಂಟು ಕಂಪನಿ ಹೆಸರಲ್ಲಿ. ನಾಳೆ ನಾನು ಹೋದ್ರೆ, ಹನೀಫ್ ಅಂತ ಒಬ್ಬ ಇಲ್ಲಿ ಇದ್ದ ಅಂತ ಹೇಳ್ಲಿಕ್ಕೆ ಎಂತ ಉಂಟು? ಆ ಕಪ್ಪಿನ ಬುಡದಲ್ಲಿ ಒಂದು ಹೆಸರು ಬಿದ್ರೆ ಸಾಕು ಮಾರಾಯ. ಸಣ್ಣದಾದ್ರೂ ಅಡ್ಡಿ ಇಲ್ಲ."

ಇಷ್ಟು ವರ್ಷಗಳಲ್ಲಿ ಅವರ ತಂಡ ಲೀಗಿನಿಂದ ಆಚೆ ದಾಟಿರಲಿಲ್ಲ. ಆ ವರ್ಷ ದಾಟಿತು. ಹೇಗೆ ದಾಟಿತೆಂದು ಕೇಳಿದರೆ ನನಗೂ ಗೊತ್ತಿಲ್ಲ. ಜನವರಿಯಲ್ಲಿ ಚಳಿಗೆ ಬೆರಳು ಮರಗಟ್ಟಿ ಬಾಲು ಹಿಡಿಯಲು ಬರುತ್ತಿರಲಿಲ್ಲ. ಒಂದು ಮ್ಯಾಚು ಮಳೆಗೆ ನಿಂತಿತು, ಕುವೈತಿನಲ್ಲಿ ಮಳೆ ಬಂದರೆ ರಸ್ತೆಗಳೆಲ್ಲ ಕೆರೆ. ರಿಫೈನರಿ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಮುಗಿಸಿ ಕಂಪನಿ ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುತ್ತಾ ಬಂದು ಆಡಿದ ಮ್ಯಾಚುಗಳೂ ಇದ್ದವು. ಆದರೂ ಗೆದ್ದೆವು. ಕೊಪ್ಪಳದವರು, "ಎಲ್ಲಾ ಹನೀಫ್ ಭಾಯಿ ಕಾಲ್ಗುಣರಿ" ಅನ್ನುತ್ತಿದ್ದರು. ಕಾಲು ಎತ್ತದೇ ಇರುವವರಿಗೆ ಎಲ್ಲಿಯ ಕಾಲ್ಗುಣ ಅಂತ ಮೆಲ್ವಿನ್ ನಗುತ್ತಿದ್ದ.

ಲೀಗ್ ಮುಗಿಯುವುದಕ್ಕೂ ಎರಡು ಸುದ್ದಿ ಒಟ್ಟಿಗೆ ಬರುವುದಕ್ಕೂ ಸರಿಹೋಯಿತು. ಒಂದು, ನಾವು ನಾಕೌಟಿಗೆ ಬಂದೆವು ಎಂಬುದು. ಇನ್ನೊಂದು, ಸ್ಟೋರಿನ ಕಾಂಟ್ರಾಕ್ಟು ಬೇರೆ ಕಂಪನಿಗೆ ಹೋಯಿತು, ಹನೀಫ್ ಭಾಯಿಯ ಇಕಾಮಾ ಖಲಾಸ್ ಎಂಬುದು. ಇಕಾಮಾ ಅಂದರೆ ಈ ದೇಶದಲ್ಲಿ ಉಳಿಯುವ ಅನುಮತಿ. ಅದು ಮುಗಿದರೆ ಮನುಷ್ಯನೂ ಮುಗಿದಂತೆ, ಊರಿಗೆ ಹೊರಡಬೇಕು. ಕಂಪನಿ ಟಿಕೆಟ್ಟನ್ನೂ ಮಾಡಿಸಿತು. ರಂಜಾನಿನ ಕೊನೆಯ ಶನಿವಾರ ಬೆಳಗಿನ ವಿಮಾನ. ಫೈನಲ್ ಅದರ ಹಿಂದಿನ ದಿನ, ಶುಕ್ರವಾರ.

"ಒಂದು ದಿವಸ ಸಿಕ್ಕಿತಲ್ಲ, ಅಲ್‌ಹಮ್ದುಲಿಲ್ಲಾ" ಅಂದರು. ಫೈನಲಿಗೆ ನಾವು ಬಂದೇ ಬಿಟ್ಟೆವೋ ಎಂಬಂತೆ.

ರಂಜಾನ್ ಶುರುವಾಯಿತು. ರಾತ್ರಿ ಆ ಮೈದಾನವೆಲ್ಲ ಫುಟ್‌ಬಾಲಿನವರದು. ಹಾಗಾಗಿ ನಮ್ಮ ನಾಕೌಟ್ ಮ್ಯಾಚುಗಳನ್ನು ಸಂಜೆಯ ಮಗ್ರಿಬ್ ನಮಾಜಿಗೆ ಮೊದಲು, ಹೊತ್ತು ಇಳಿಯುವಾಗ ಇಡುತ್ತಿದ್ದರು. ಕೋರ್ಟಿನಲ್ಲಿ ಯಾರೂ ಒಂದು ಗುಟುಕು ನೀರು ಕುಡಿಯುವಂತಿಲ್ಲ, ಉಪವಾಸ ಇರಲಿ ಬಿಡಲಿ. ದೇಶದ ಕಾನೂನು. ಮೆಲ್ವಿನ್ ಮುಖ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ಬರುತ್ತಿದ್ದ, ಬಂದಾಗ ಗಲ್ಲಕ್ಕಿಂತ ತುಟಿ ಜಾಸ್ತಿ ಒದ್ದೆಯಾಗಿರುತ್ತಿತ್ತು. ಹನೀಫ್ ಭಾಯಿ ನೋಡಿಯೂ ನೋಡದಂತೆ ಇರುತ್ತಿದ್ದರು.

ಈ ಮ್ಯಾಚುಗಳಿಗೆ ಹಳೆಯ ಒಂದು ನಿಯಮವಿತ್ತು. ಗಡಿಯಾರ ಏನೇ ಹೇಳಲಿ, ಉಪವಾಸ ಬಿಡುವ ಬಾಂಗ್ ಆದರೆ ಆಟ ಮುಗಿಯಿತು. ಆ ಕ್ಷಣ ಯಾರು ಮುಂದಿದ್ದಾರೋ ಅವರು ಗೆದ್ದಂತೆ. ರೆಫರಿ ಲೆಬನಾನಿನ ಒಬ್ಬರು ವ್ಯಾಯಾಮ ಮೇಷ್ಟ್ರು, ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಮಸೀದಿಯಿಂದ ಬಾಂಗಿನ ಮೊದಲ ಸ್ವರ ಬಂದೊಡನೆ ಸೀಟಿ ಊದುತ್ತಿದ್ದರು. ಅಲ್ಲಿಗೆ ಬಾಲು ಗಾಳಿಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಎರಡೂ ತಂಡದವರು ಕೋರ್ಟಿನ ಮೇಲೆಯೇ ಹಾಳೆ ಹಾಸಿ, ಖರ್ಜೂರ, ಮಜ್ಜಿಗೆ ಇಟ್ಟುಕೊಂಡು ಒಟ್ಟಿಗೆ ಕೂರುತ್ತಿದ್ದೆವು. ಸೆಮಿಫೈನಲ್ ನಾವು ಗೆದ್ದದ್ದೇ ಹಾಗೆ. ಎದುರಾಳಿ ಶೂಟ್ ಮಾಡಿದ, ಬಾಂಗ್ ಆಯಿತು, ಸೀಟಿ ಕೂಗಿತು, ಆಮೇಲೆ ಬಾಲು ಒಳಗೆ ಬಿತ್ತು. ಆ ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ಹನೀಫ್ ಭಾಯಿ ಅವನ ಪಕ್ಕದಲ್ಲೇ ಕೂತು ಖರ್ಜೂರದ ಡಬ್ಬಿ ಅವನ ಮುಂದೆ ಸರಿಸಿದರು.

ಆ ದಿನಗಳ ಸಂಜೆ ಈಗಲೂ ಬೇಕು ಅನ್ನಿಸುತ್ತದೆ. ರೂಮಿಗೆ ಬಂದರೆ ಹನೀಫ್ ಭಾಯಿಯ ಗಂಜಿ. ತೆಂಗಿನಹಾಲು, ಮೆಂತ್ಯ ಹಾಕಿ ಮಾಡುತ್ತಿದ್ದರು. ಮಾಂಸ ತಿನ್ನದ ನನಗೆಂದು ಒಂದು ಪಾತ್ರೆ ಬೇರೆ, ಅದರ ಸೌಟೂ ಬೇರೆ. ಮೆಲ್ವಿನ್ ಆ ಸೌಟು ಮುಟ್ಟಿದರೆ ಬೈಯುತ್ತಿದ್ದರು. ನಾನು ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಡುತ್ತಿದ್ದೆ. ಗಂಜಿಯಲ್ಲಿ ರೊಟ್ಟಿ ಮುರಿದು ಹಾಕಿ ತಿನ್ನುವುದನ್ನು ಕಂಡುಹಿಡಿದವರು ನಾವು ಮೂವರೇ ಇರಬೇಕು. ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದರೆ, "ಹಾಳಾತು ನಿಮ್ಮ ನಾಲಿಗಿ" ಅಂದಳು. ಹಾಳಾದ ನಾಲಿಗೆ ಮತ್ತೆ ಸರಿಹೋಗಲಿಲ್ಲ. ಈಗ ರಂಜಾನ್ ಬಂದರೆ ಮನೆಯಲ್ಲಿ ಯಾವ ಗಂಜಿ ಮಾಡಿಸಿದರೂ ಅದು ಇದಲ್ಲ ಅನ್ನಿಸುತ್ತದೆ.

ಫೈನಲಿನ ದಿನ ಧೂಳು ಎದ್ದಿತ್ತು. ಬಿರುಗಾಳಿಯಲ್ಲ, ಆದರೆ ಆಕಾಶವೆಲ್ಲ ಕಂದು, ಸೂರ್ಯ ಎಲ್ಲಿದ್ದಾನೆಂದು ಹೇಳಲು ಬರುತ್ತಿರಲಿಲ್ಲ. ಎದುರು ಫಿಲಿಪ್ಪೀನಿನವರ ತಂಡ, ಹೆಚ್ಚಿನವರು ಆಸ್ಪತ್ರೆಯ ನರ್ಸುಗಳು. ಕುವೈತಿನಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಅವರದೇ. ಗಿಡ್ಡ ಜನ, ಆದರೆ ಕಾಲಿಗೆ ಸ್ಪ್ರಿಂಗು. ಅವರ ಕ್ಯಾಪ್ಟನ್ ರೋಮೆಲ್ ಮೊದಲೇ ಬಂದು ಹೇಳಿದ, ಹಲವರಿಗೆ ಸಂಜೆಯ ಡ್ಯೂಟಿ ಇದೆ, ಆಟ ಮುಗಿದ ತಕ್ಷಣ ವ್ಯಾನ್ ಹೊರಡಬೇಕು, ಕೂತು ತಿನ್ನಲು ಆಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದು.

ಫೈನಲ್ ಎಂದು ಅಂದು ಒಂದು ವಿಶೇಷ ಏರ್ಪಾಡಾಗಿತ್ತು. ರಫೀಕ್ ಎಂಬ ನಮ್ಮ ದೋಸ್ತು, ಸುರತ್ಕಲ್ ಕಡೆಯವನು, ಕಾಮೆಂಟರಿ ಹೇಳಲು ದೊಡ್ಡ ಸ್ಪೀಕರು ತಂದಿದ್ದ. ಸೌದಿಯ ಜುಬೈಲಿನಲ್ಲಿ ಬಹಳ ಕಾಲವಿದ್ದು ಹಿಂದಿನ ವರ್ಷವಷ್ಟೇ ಕುವೈತಿಗೆ ಬಂದವನು. ತನ್ನ ಫೋನನ್ನೇ ಸ್ಪೀಕರಿಗೆ ಸೇರಿಸಿ, ಮೈಕಿನಲ್ಲಿ ನಾಲ್ಕು ಭಾಷೆ ಬೆರೆಸಿ ಹೇಳುತ್ತಿದ್ದ. "ಹನೀಫಾಕ ಜಾಗ ಬಿಡುದಿಲ್ಲ, ಭಾಯಿಲೋಗ್, ಇದು ಮಂಗಫಿನ ಗೋಡೆ!"

ಧೂಳಿನಿಂದ ಆಟ ತಡವಾಗಿ ಶುರುವಾಯಿತು. ಗಡಿಯಾರ ಮುಗಿಯುವ ಮೊದಲೇ ಬಾಂಗ್ ಆಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಯ ಭಾಗದಲ್ಲಿ ಎರಡೂ ಕಡೆಯವರು ಒಂದು ಕಣ್ಣು ಬಾಲಿನ ಮೇಲೆ, ಒಂದು ಕಿವಿ ಮಸೀದಿ ಕಡೆ ಇಟ್ಟು ಆಡುತ್ತಿದ್ದೆವು. ಒಮ್ಮೆ ಅವರು ಮುಂದೆ, ಒಮ್ಮೆ ನಾವು. ಗಂಟಲು ಒಣಗಿ ಉಗುಳು ನುಂಗಲೂ ಆಗುತ್ತಿರಲಿಲ್ಲ. ನನ್ನ ಶೂಟು ರಿಂಗಿಗೆ ಬಡಿಯಿತು, ಬಾಲು ಬಂದು ಹನೀಫ್ ಭಾಯಿಯ ಕೈಗೆ ಬಿತ್ತು, ಅವರು ಒಮ್ಮೆ ಕುಟ್ಟಿ ಒಳಗೆ ಹಾಕಿದರು. ಒಂದು ಪಾಯಿಂಟು ಮುಂದೆ ಬಂದೆವು. ರೋಮೆಲ್ ಬಾಲು ತಗೊಂಡು ಅರ್ಧ ಕೋರ್ಟು ದಾಟಿದ್ದ. ಬಾಂಗ್ ಆಯಿತು.

ಉಸ್ತಾದ್ ಸೀಟಿ ಊದಿದರು. ಕೊಪ್ಪಳದ ವೆಲ್ಡರುಗಳಲ್ಲೊಬ್ಬ ನೆಲಕ್ಕೆ ಬಿದ್ದು ಹೊರಳಾಡಿದ. ಮೆಲ್ವಿನ್ ನನ್ನನ್ನು ಎತ್ತಿ ತಿರುಗಿಸಿದ. ರೋಮೆಲ್ ಬಾಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ಹನೀಫ್ ಭಾಯಿಯ ಕೈ ಕುಲುಕಿದ. ಅವನ ತಂಡದವರೂ ಬಂದು ಕೈ ಕೊಟ್ಟು, ಓಡಿ ವ್ಯಾನ್ ಹತ್ತಿದರು. ವ್ಯಾನ್ ಹೋಯಿತು. ಹನೀಫ್ ಭಾಯಿ ಹಾಳೆಯ ಮುಂದೆ ಕೂತು, ಒಂದು ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ಕಪ್ಪನ್ನು ಹತ್ತಿರ ಎಳೆದುಕೊಂಡರು. ಅದರ ಬುಡದಲ್ಲಿ ಖಾಲಿ ಇದ್ದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿದರು. ಅಷ್ಟು ಸಂತೋಷದ ಮುಖ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆಗ ಮಸೀದಿಯಲ್ಲಿ ಬಾಂಗ್ ಆಯಿತು.

ಮೊದಲು ಹತ್ತಿರದ್ದು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಅಹ್ಮದಿಯ ಮಸೀದಿಗಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಾಗಾದರೆ ಮೊದಲು ಕೂಗಿದ್ದು ಯಾವುದು? ಎಲ್ಲರ ಕಣ್ಣೂ ಸ್ಪೀಕರಿನ ಮೇಲೆ ಹೋಯಿತು, ಅಲ್ಲಿಂದ ರಫೀಕನ ಮೇಲೆ. ಅವನು ಫೋನ್ ತೆಗೆದು ನೋಡಿ, ಬಿಳಿಚಿಕೊಂಡು ನಿಂತ. ಅವನ ಫೋನಿನಲ್ಲಿ ಹೊತ್ತುಹೊತ್ತಿಗೆ ತಾನಾಗಿ ಬಾಂಗ್ ಕೂಗುವ ಆಪ್ ಇತ್ತು. ಅದರಲ್ಲಿ ಊರಿನ ಹೆಸರು ಇನ್ನೂ ಜುಬೈಲ್ ಅಂತಲೇ ಇತ್ತು. ಜುಬೈಲ್ ನಮಗಿಂತ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಆರೇಳು ನಿಮಿಷ ಮೊದಲೇ ಮುಳುಗುತ್ತಾನೆ. ಜುಬೈಲಿನ ಬಾಂಗು ಸ್ಪೀಕರಿನಲ್ಲಿ ಬಂದಿತ್ತು. ಆ ಧೂಳಿನಲ್ಲಿ, ಆ ಬಾಯಾರಿಕೆಯಲ್ಲಿ, ಉಳಿದ ಮಸೀದಿಗಳು ಸುಮ್ಮನಿವೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಹನೀಫ್ ಭಾಯಿ ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಅಂಗೈಗೆ ತೆಗೆದು ನೋಡಿದರು. ಹೊತ್ತು ಮುಳುಗುವ ಮೊದಲೇ ಅವರ ಅಂದಿನ ಉಪವಾಸ ಮುರಿದಿತ್ತು.

"ತಿಳೀದೆ ಆದದ್ದು, ಹನೀಫಾಕ" ಅಂದ ರಫೀಕ್, ಅಳುವ ಸ್ವರದಲ್ಲಿ.

"ಅದು ಗೊತ್ತುಂಟು. ನನ್ನದೂ ಹೋಯ್ತು, ನಿನ್ನದೂ ಹೋಯ್ತು. ಹಬ್ಬ ಕಳೆದ ಮೇಲೆ ಒಂದು ನೋಂಬು ಹಿಡಿದು ತೀರಿಸುದು." ಇಷ್ಟು ಹೇಳಿ ಅವರು ಕಪ್ಪನ್ನು ಹಾಳೆಯ ಆ ತುದಿಗೆ ಸರಿಸಿದರು. "ಆಟ ಮುಗಿಯಲಿಲ್ಲ ಹಾಗಾದ್ರೆ."

ನಮಗೆಲ್ಲ ಗಾಬರಿಯಾಯಿತು. ಉಸ್ತಾದ್ ಸುಮ್ಮನೆ ಕೂತಿದ್ದರು. ಅವರು ಸೀಟಿ ಊದಿಯಾಗಿತ್ತು, ಎದುರಾಳಿಗಳು ಕೈ ಕುಲುಕಿ ಹೋಗಿಯಾಗಿತ್ತು. ಯಾರೂ ತಕರಾರು ಮಾಡದಿದ್ದರೆ ತಾವಾಗಿ ಮಾಡುವುದಿಲ್ಲ ಎನ್ನುವಂತೆ ಕೈ ತಿರುಗಿಸಿದರು. ನಾನು ಹನೀಫ್ ಭಾಯಿಯ ಪಕ್ಕ ಕೂತೆ.

"ಭಾಯಿ, ಅವರು ಹೋಗ್ಯಾರ್ರಿ. ಅವರಿಗೆ ಗೊತ್ತ ಇಲ್ಲ. ಗೊತ್ತಾದ್ರೂ ಏನೂ ಅನ್ನೂದಿಲ್ಲ. ಉಳಿದಿದ್ದು ನಾಕಾರು ನಿಮಿಷ. ಬಿಡ್ರಿ."

"ನಾಕಾರು ನಿಮಿಷದಲ್ಲಿ ರೋಮೆಲ್ ಎಷ್ಟು ಹಾಕ್ತಿದ್ದ, ನಿನಗೇ ಗೊತ್ತುಂಟು."

"ಇವತ್ತ ಮುಗಸಾಕ ಬರೂದಿಲ್ಲ. ಇನ್ನೊಂದು ದಿನ ಇಟ್ರ ನೀವು ಇರೂದಿಲ್ಲ. ನಾಳೆ ಮುಂಜಾನೆ ವಿಮಾನ ಐತಿ. ನೀವಿಲ್ದ ನಾವು ಸೋತ್ರ ನಿಮ್ಮ ಹೆಸರು ಹೆಂಗ ಬರತೈತಿ, ಹೇಳ್ರಿ?"

ಅದನ್ನು ಅವರು ಯೋಚಿಸಿರಲಿಲ್ಲ ಎಂದಲ್ಲ. ನಾನು ಬಾಯಿಬಿಟ್ಟು ಹೇಳಿದ್ದಕ್ಕೆ ನೋವಾಯಿತು, ಅದು ಕಂಡಿತು.

"ಬಸಣ್ಣ, ನನಗೆ ಆಸೆ ಇಲ್ಲ ಅಂತ ತಿಳ್ಕೊಬೇಡ. ಉಂಟು, ತುಂಬಾ ಉಂಟು. ಆದ್ರೆ ನಾನು ಇಲ್ಲದಾಗ ಆ ಹೆಸರು ಇಲ್ಲಿ ಇರ್ತದಲ್ಲ, ಅದು ಸರಿಯಾದ್ದೇ ಇರ್ಬೇಕು. ಊರಲ್ಲಿ ಕೂತು ಪ್ರತಿ ಸಲ ಅದು ನೆನಪಾಗುವಾಗ ಈ ಬೀಜ ಗಂಟಲಲ್ಲಿ ಸಿಕ್ಕಿದ ಹಾಗೆ ಆಗ್ಬಾರ್ದು. ನೋಂಬಾದ್ರೆ ಇನ್ನೊಂದು ಹಿಡೀತೇನೆ. ಇದನ್ನು ಎಲ್ಲಿ ತೀರಿಸುದು?"

ಮೆಲ್ವಿನ್ ಸಿಟ್ಟಾಗಿ ಎದ್ದು ಹೋದ. ಹನೀಫ್ ಭಾಯಿ ಫೋನ್ ತೆಗೆದು ರೋಮೆಲ್‌ಗೆ ತಾವೇ ಹೇಳಿದರು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಬೇಡವೆಂದ, ಇವರು ಬಿಡಲಿಲ್ಲ. ಉಳಿದ ಆಟವನ್ನು ಎಲ್ಲರಿಗೂ ರಜೆಯಿರುವ ಈದಿನ ಎರಡನೇ ದಿನ ಆಡುವುದೆಂದಾಯಿತು. ಜುಬೈಲಿನ ಬಾಂಗಿಗೂ ಅಹ್ಮದಿಯ ಬಾಂಗಿಗೂ ಮಧ್ಯೆ ಇದ್ದಷ್ಟೇ ಹೊತ್ತು, ಅದೇ ಸ್ಕೋರಿನಿಂದ, ಬಾಲು ರೋಮೆಲ್ ಕೈಯಲ್ಲಿ. ಕಪ್ಪನ್ನು ಉಸ್ತಾದ್ ತಮ್ಮ ಕಾರಿನಲ್ಲಿ ತಗೊಂಡು ಹೋದರು.

ಬೆಳಿಗ್ಗೆ ಏರ್‌ಪೋರ್ಟಿಗೆ ರಫೀಕನೇ ಕಾರು ತಂದ. ಇಳಿಯುವಾಗ ಹನೀಫ್ ಭಾಯಿ, "ಅಲ್ಲ ರಫೀಕ, ಜುಬೈಲ್ ಬಿಟ್ಟು ವರ್ಷವಾಯ್ತು, ಅದನ್ನು ಬದಲು ಮಾಡ್ಲಿಕ್ಕೆ ಎಂತ ಧಾಡಿ ನಿನಗೆ?" ಅಂದರು, ನಗುತ್ತಲೇ.

"ಅಲ್ಲಿ ನಾವು ಐದು ಜನ ಒಟ್ಟಿಗೆ ನೋಂಬು ಬಿಡ್ತಿದ್ದೆವು, ಹನೀಫಾಕ. ಇಲ್ಲಿ ನಾನೊಬ್ಬನೇ. ಆ ಬಾಂಗ್ ಆಗುವಾಗ ಅವರು ಈಗ ಕೂತಿರ್ತಾರೆ ಅಂತ ಗೊತ್ತಾಗ್ತಿತ್ತು. ಮತ್ತೆ ಆರು ನಿಮಿಷ ಕಾದು ನಾನು ಬಿಡ್ತಿದ್ದೆ. ನಿನ್ನೆ ಮೈಕಿನ ಗಡಿಬಿಡಿಯಲ್ಲಿ ಮರೆತೇ ಹೋಯ್ತು."

ಹನೀಫ್ ಭಾಯಿ ಅವನನ್ನು ಅಪ್ಪಿಕೊಂಡರು. ನನ್ನನ್ನೂ ಅಪ್ಪಿಕೊಂಡರು. ಮೆಲ್ವಿನ್ ಬಂದಿರಲಿಲ್ಲ. "ಅವನಿಗೆ ಹೇಳು, ಸಿಟ್ಟು ಮಾಡ್ಲಿ, ಆದ್ರೆ ಆಡ್ಲಿ" ಅಂದು ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು. ತಿರುಗಿ ನೋಡಲಿಲ್ಲ. ಅವರು ಜಾಗ ಬಿಟ್ಟು ಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಈದಿನ ಎರಡನೇ ದಿನ ಆಕಾಶ ತಿಳಿಯಾಗಿತ್ತು. ಐದನೆಯವನಾಗಿ ಶರಣಪ್ಪ ಎಂಬ ಕಲಬುರಗಿಯ ಫಿಟ್ಟರ್ ಬಂದಿದ್ದ. ಒಳ್ಳೆಯ ಹುಡುಗ, ಎತ್ತರವೂ ಇದ್ದ, ಜಿಗಿಯುತ್ತಲೂ ಇದ್ದ. ಉಸ್ತಾದ್ ಎಲ್ಲರನ್ನೂ ಜಾಗಕ್ಕೆ ಕರೆದರು. ಶರಣಪ್ಪ ಹೋಗಿ ಬೋರ್ಡಿನ ಕೆಳಗೆ ನಿಂತ. ಅವನು ಬೇರೆ ಎಲ್ಲಿ ನಿಲ್ಲಬೇಕು? ಅವನಿಗೆ ಹೇಳಿದ್ದೇ ಅದು. ಆದರೆ ಅವನು ಅಲ್ಲಿ ನಿಂತೊಡನೆ ನಾನು ಮುಖ ಆಚೆ ತಿರುಗಿಸಿದೆ.

"ಅಲ್ಲಿ ಬೇಡ ಮಾರಾಯ, ಸ್ವಲ್ಪ ಈಚೆ ಬಾ" ಅಂದ ಮೆಲ್ವಿನ್.

ಶರಣಪ್ಪ ಈಚೆ ಬಂದ. ಈಚೆ ಬಂದರೆ ಕೊಪ್ಪಳದವರ ಕಾಲಿಗೆ ಅಡ್ಡ. ಮತ್ತೆ ಆಚೆ ಹೋದ. ಮೆಲ್ವಿನ್ ತಲೆ ಬಗ್ಗಿಸಿ ಶೂ ಲೇಸು ಕಟ್ಟತೊಡಗಿದ, ಆಗಲೇ ಕಟ್ಟಿದ್ದ ಲೇಸನ್ನು. ಶರಣಪ್ಪ ನಮ್ಮ ನಾಲ್ವರ ಮುಖವನ್ನೂ ನೋಡಿದ. "ನಾ ಹೊರಗ ಕುಂದರ್ತೀನ್ರಿ ಅಣ್ಣಾರ. ನಿಮ್ಮ ಆಟ ನೀವ ಮುಗಸ್ರಿ" ಅಂದು ತಾನೇ ಹೋಗಿ ಗೆರೆಯಾಚೆ ಕೂತ. ಯಾರೂ ಅವನನ್ನು ಕರೆಯಲಿಲ್ಲ. ಉಸ್ತಾದ್ ನನ್ನ ಕಡೆ ನೋಡಿ ನಾಲ್ಕು ಬೆರಳು ತೋರಿಸಿದರು. ಆಟ ಶುರುವಾಗುವಾಗ ಐವರು ಬೇಕೇ ಬೇಕು, ಇದು ಉಳಿದ ಆಟ, ನಾಲ್ವರಾದರೂ ನಡೆಯುತ್ತದೆ. ನಾನು ಹೂಂ ಅಂದೆ.

ಚೆನ್ನಾಗಿಯೇ ಆಡಿದೆವು. ನಾಲ್ವರೂ ನಾಯಿ ಓಡಿದ ಹಾಗೆ ಓಡಿದೆವು. ರೋಮೆಲ್ ಒಂದು ಹಾಕಿದ, ಮೆಲ್ವಿನ್ ಒಂದು ಹಾಕಿದ. ಆದರೆ ಎರಡು ಸಲ ಬಾಲು ರಿಂಗಿಗೆ ಬಡಿದು, ಸೀದಾ ಕೆಳಗೆ, ಯಾರೂ ಇಲ್ಲದ ಆ ಜಾಗಕ್ಕೆ ಬಂದು ಬಿತ್ತು. ಎರಡು ಸಲವೂ ಅವರ ಪಾಲಾಯಿತು, ಎರಡನೆಯದನ್ನು ಅವರು ನಮ್ಮ ರಿಂಗಿಗೂ ಹಾಕಿದರು. ಒಂದೇ ಪಾಯಿಂಟಿನಿಂದ ಸೋತೆವು. ರೋಮೆಲ್ ಕಪ್ಪು ತಗೊಳ್ಳುವಾಗ ನಮ್ಮ ಕಡೆ ನೋಡಲಾರದೆ ನೆಲ ನೋಡುತ್ತಿದ್ದ.

ಕೋರ್ಟಿನ ಅಂಚಿನಲ್ಲೇ ಕೂತು ಹನೀಫ್ ಭಾಯಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಹಿಂದೆ ಹಬ್ಬದ ಮನೆಯ ಗದ್ದಲ, ಮಕ್ಕಳ ಕೂಗು.

"ಎಷ್ಟು?"

ಹೇಳಿದೆ.

"ಒಂದೇ ಪಾಯಿಂಟಾ?"

"ಹೌದ್ರಿ ಭಾಯಿ."

ಅವರ ಉಸಿರು ಕೇಳಿಸಿತು. ಆಮೇಲೆ, "ಹೋಗ್ಲಿ. ಕಪ್ಪು ಆಡಿ ಗೆದ್ದವರಿಗೆ ಹೋಯ್ತು. ಶರಣಪ್ಪ ಹೇಗೆ ಆಡಿದ? ಅವನಿಗೆ ಬಾಲ್ ಸಿಕ್ಕಿತಾ ಕೆಳಗೆ?"

"ಅಂವ ಆಡಲಿಲ್ರಿ. ನಾವು ನಾಕ ಮಂದಿ ಆಡಿದ್ವಿ."

"ಎಂತಕ್ಕೆ? ಬರ್ಲಿಲ್ವಾ ಅವ?"

"ಬಂದಿದ್ದ. ಬೋರ್ಡ್ ಕೆಳಗ ನಿಂತಿದ್ದ. ನಮಗ ನೋಡಾಕ ಆಗಲಿಲ್ರಿ."

ಹನೀಫ್ ಭಾಯಿಗೆ ಸಿಟ್ಟು ಬಂತು. ಅಷ್ಟು ಸಿಟ್ಟಾದದ್ದು ನಾನು ಕೇಳಿರಲಿಲ್ಲ. "ಮಂಡೆ ಸಮ ಉಂಟಾ ನಿಮಗೆ? ಆಟ ಅಂದ್ರೆ ಐದು ಜನ. ಎತ್ತರದ ಹುಡುಗನನ್ನು ಹೊರಗೆ ಕೂರಿಸಿ ಒಂದು ಪಾಯಿಂಟಲ್ಲಿ ಸೋಲುದಾ? ಗೆದ್ದಿದ್ರೆ ನನ್ನ ಹೆಸರೂ ಬರ್ತಿತ್ತಲ್ಲ ಮಾರಾಯ. ಮೆಲ್ವಿನಿಗಾದ್ರೂ ಬುದ್ಧಿ ಬೇಡ್ವಾ? ನಿನಗೆ ಬೇಡ್ವಾ, ಕಾಲೇಜಲ್ಲಿ ಆಡಿದವ ನೀನು?" ಬೈಯಲಿ ಎಂದು ಸುಮ್ಮನೆ ಕೇಳಿದೆ. ಬೈಗುಳ ಬರಬರುತ್ತಾ ಕಡಿಮೆಯಾಯಿತು, ಆಮೇಲೆ ನಿಂತಿತು.

"ಆ ಜಾಗ ಹಾಗೇ ಖಾಲಿ ಬಿಟ್ರಾ?"

"ಹೌದ್ರಿ."

"ಕೊನೆವರೆಗೂ?"

"ಕೊನೀತನಕಾ ಬಿಟ್ವಿ, ಭಾಯಿ."

ಮನೆಯಲ್ಲಿ ಯಾರೋ ಅವರನ್ನು ಊಟಕ್ಕೆ ಕರೆದರು. ಅವರು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು, ಬಾಗಿಲು ಮುಚ್ಚಿದ ಸದ್ದಾಯಿತು, ಮಕ್ಕಳ ಗದ್ದಲ ನಿಂತಿತು.

"ಬಸಣ್ಣ."

"ಹೇಳ್ರಿ."

"ಅವಸರ ಇಲ್ಲ ಅಲ್ವಾ ನಿನಗೆ? ಶುರುವಿನಿಂದ ಹೇಳು. ಉಸ್ತಾದ್ ಸೀಟಿ ಊದಿದ್ರು. ಮತ್ತೆ ರೋಮೆಲ್ ಯಾವ ಕಡೆಯಿಂದ ಬಂದ?"